ದೈವದ ಒಡವೆ

ಕಂಕನಾಡಿ ಎಂಬ ಹೆಸರು ಕಿವಿಗೆ ಬಿದ್ದಾಗಲೆಲ್ಲ ನನಗೆ ಕಂಕಣದ ನೆನಪಾಗುತ್ತದೆ. ಸ್ಥಳನಾಮಗಳನ್ನು ಬಲ್ಲವರ ಮುಂದೆ ಈ ಮಾತನ್ನೆತ್ತುವ ಧೈರ್ಯ ನನಗಿಲ್ಲ. ಆದರೆ ಪ್ರಾಚೀನ ಗ್ರೀಕರ ಆಭರಣಗಳನ್ನು ಕುರಿತು ಮಾತನಾಡಬೇಕೆಂದು ಕುಳಿತಾಗ ನನ್ನ ಮನಸ್ಸು ಮೊದಲು ಹೋದದ್ದು ಕಂಕನಾಡಿಯ ಗರೋಡಿಗೆ. 1873ರಲ್ಲಿ ಸ್ಥಾಪನೆಗೊಂಡ ಈ ಕ್ಷೇತ್ರ ಕೋಟಿ–ಚೆನ್ನಯರೆಂಬ ಅವಳಿ ವೀರರದು. ತುಳುನಾಡಿನ ದೈವಸ್ಥಾನಗಳಲ್ಲಿ ನೇಮಕ್ಕೆ ಮೊದಲು ‘ಭಂಡಾರ’ ಬರುತ್ತದೆ. ಖಡ್ಗ, ಗಂಟೆ, ಚಾಮರ, ಲೋಹದ ಮೊಗ, ಕಡಗ, ಗಗ್ಗರ ಇವನ್ನೆಲ್ಲ ಭಂಡಾರದ ಮನೆಯಿಂದ ವಾದ್ಯದೊಡನೆ ತಂದು, ನೇಮ ಮುಗಿದ ಮೇಲೆ ಮರಳಿ ಅಲ್ಲಿಗೇ ಒಯ್ಯುತ್ತಾರೆ. ಆ ಮನೆಯ ಯಜಮಾನನು ಕಾವಲುಗಾರ ಮಾತ್ರ, ಒಡವೆ ದೈವದ್ದು.

ಪುಸ್ತಕಗಳ ಚಿತ್ರಗಳಲ್ಲಿ ನಾವು ಕಾಣುವ ಗ್ರೀಕ್ ಆಭರಣಗಳು ಬಹುಮಟ್ಟಿಗೆ ಗೋರಿಗಳಿಂದ ಹೊರಬಂದವು: ಓಕ್ ಎಲೆಗಳ ಬಂಗಾರದ ಕಿರೀಟ, ರೆಕ್ಕೆಯುಳ್ಳ ಎರೋಸನು ತೂಗಾಡುವ ಓಲೆ, ಹಾವಿನ ಸುರುಳಿಯ ತೋಳ್ಬಳೆ. ಅಲೆಕ್ಸಾಂಡರನು ಪರ್ಷಿಯದ ಬೊಕ್ಕಸವನ್ನು ಗೆದ್ದ ಬಳಿಕ ಅಲ್ಲಿ ಚಿನ್ನ ಧಾರಾಳವಾಯಿತು. ಅವುಗಳ ಕುಸುರಿಯನ್ನು ಹೊಗಳುವವರು ಬಹಳ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆಯೇ ಒಂದು ಸಂಗತಿ. ಅಥೆನ್ಸಿನ ಹೆಂಗಸರು ತಮ್ಮ ಉಂಗುರ, ಓಲೆ, ಕಂಠಾಭರಣಗಳನ್ನು ದೇವಿಯರಿಗೆ ಒಪ್ಪಿಸುತ್ತಿದ್ದರು. ಕ್ರಿ.ಪೂ. 434ರಿಂದ ಅಥೀನಾ ದೇವಿಯ ಖಜಾಂಚಿಗಳು ಪಾರ್ಥೆನಾನ್ ಮಂದಿರದ ಸ್ವತ್ತನ್ನು ತೂಗಿ, ಎಣಿಸಿ, ಕಲ್ಲಿನಲ್ಲಿ ಕೆತ್ತಿಸಿ, ತಮ್ಮ ನಂತರದವರಿಗೆ ವಹಿಸಿಕೊಡುವ ಪದ್ಧತಿ ನಡೆದುಬಂದಿತು.

ಫೀಡಿಯಾಸನು ಮಾಡಿದ ಅಥೀನಾ ವಿಗ್ರಹದ ಮೇಲೆ 40 ಟ್ಯಾಲೆಂಟ್, ಎಂದರೆ ಸುಮಾರು 1,000 ಕಿಲೋಗ್ರಾಂ ಬಂಗಾರವಿತ್ತೆಂದೂ ಅದನ್ನೆಲ್ಲ ಕಳಚಬಹುದಾಗಿತ್ತೆಂದೂ ಇತಿಹಾಸಕಾರ ಥುಸಿಡಿಡಿಸ್ ಬರೆಯುತ್ತಾನೆ. ಕ್ರಿ.ಪೂ. 431ರಲ್ಲಿ ಯುದ್ಧ ಸಮೀಪಿಸಿದಾಗ, ಅನಿವಾರ್ಯವಾದರೆ ಇದನ್ನೂ ಬಳಸಬಹುದು, ಆದರೆ ಕಡಿಮೆಯಾಗದಂತೆ ಹಿಂದಿರುಗಿಸಬೇಕು ಎಂದು ಪೆರಿಕ್ಲಿಸನು ಜನರಿಗೆ ತಿಳಿಸಿದನಂತೆ. ದೇವಿಯಿಂದಲೇ ಸಾಲ! ಕ್ರಿ.ಪೂ. 300ರ ಆಸುಪಾಸಿನಲ್ಲಿ ಲಕಾರಿಸನೆಂಬ ನಿರಂಕುಶನು ಆ ಬಂಗಾರವನ್ನು ಸುಲಿದು ಸೈನಿಕರ ಸಂಬಳಕ್ಕೆ ಬಳಸಿದನು.

ಈ ಭಯಭಕ್ತಿಯ ಪ್ರಶ್ನೆ ನಮ್ಮ ಕರಾವಳಿಯೊಡನೆ ತಳುಕು ಹಾಕಿಕೊಂಡಿರುವ ಒಂದು ಗ್ರೀಕ್ ಪ್ರಹಸನದಲ್ಲಿಯೂ ಇದೆ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕಿದ ಅದರ ಹಸ್ತಪ್ರತಿ 1903ರಲ್ಲಿ ಪ್ರಕಟವಾಯಿತು. ಚಾರಿಟಿಯನ್ ಎಂಬ ಗ್ರೀಕ್ ತರುಣಿ ಭಾರತದ ಕಡಲತಡಿಯ ರಾಜನೊಬ್ಬನ ಕೈಗೆ ಸಿಕ್ಕಿ ದೇವಿಯ ಗುಡಿಯಲ್ಲಿದ್ದಾಳೆ. ಅಲ್ಲಿನವರು ಆಡುವ ಮಾತು ಕನ್ನಡವೆಂದು ಹುಲ್ಷ್, ಆರ್. ಶಾಮಶಾಸ್ತ್ರಿ ವಾದಿಸಿದರು, ಮಂಜೇಶ್ವರದ ಗೋವಿಂದ ಪೈಗಳೂ ಇದನ್ನು ಕುರಿತು ಬರೆದರು. ಒಪ್ಪದ ವಿದ್ವಾಂಸರೂ ಇದ್ದಾರೆ, ಅದಿರಲಿ. ಪಲಾಯನದ ಗಡಿಬಿಡಿಯಲ್ಲಿ ವಿದೂಷಕನು ದೇವಿಯ ಕಾಣಿಕೆಗಳಲ್ಲಿ ಒಂದಿಷ್ಟನ್ನು ಎತ್ತಿಕೊಳ್ಳೋಣವೆನ್ನುತ್ತಾನೆ. ಚಾರಿಟಿಯನ್ ಗದರುತ್ತಾಳೆ: ದೇವರಲ್ಲಿ ರಕ್ಷಣೆ ಬೇಡುವವರು ದೇವರಿಗೇ ದ್ರೋಹ ಬಗೆಯಬಾರದು ಎಂಬುದು ಅವಳ ಮಾತಿನ ತಾತ್ಪರ್ಯ.

ಅಥೆನ್ಸಿನಲ್ಲಿ ಒಡವೆ ಹೋಗಿ ಪಟ್ಟಿ ಉಳಿಯಿತು. ನಮ್ಮಲ್ಲಿ ಒಡವೆ ಉಳಿದಿದೆ. ಆದರೆ ಎಷ್ಟೋ ಭಂಡಾರಗಳ ಪಟ್ಟಿ ಇರುವುದು ಹಿರಿಯರ ನೆನಪಿನಲ್ಲಿ ಮಾತ್ರ. ವಿದೇಶದ ವಸ್ತುಸಂಗ್ರಹಾಲಯಗಳಲ್ಲಿ ತುಳುನಾಡಿನ ಲೋಹದ ಮೊಗಗಳಿವೆ. ಯಾವ ಸ್ಥಾನದಿಂದ ಬಂದವೆಂಬ ಮಾತು ಅನೇಕ ವೇಳೆ ಅಲ್ಲಿರುವುದಿಲ್ಲ. ನಾವೂ ಬರೆದಿಡುವುದು ಒಳ್ಳೆಯದೆಂದು ನನಗನ್ನಿಸುತ್ತದೆ.

ಆದರೂ ಒಂದು ದೊಡ್ಡ ವ್ಯತ್ಯಾಸವುಂಟು. ಅಥೀನಾ ದೇವಿಯ ಬಂಗಾರ ವಿಗ್ರಹದ ಮೇಲಿತ್ತು. ದೈವದ ಒಡವೆ ಮನುಷ್ಯನ ಮೈಮೇಲೆ ಇಳಿದು ಬರುತ್ತದೆ. ಅದೂ ಪಂಬದ, ಪರವ, ನಲಿಕೆ ಸಮುದಾಯದವರ ಮೇಲೆ, ಹಿಂದೆ ಗುತ್ತಿನ ಮನೆಯ ಒಳಗೆ ಕಾಲಿಡಲಾಗದಿದ್ದವರ ಮೇಲೆ. ಗಗ್ಗರವನ್ನು ಕೈಯಲ್ಲಿ ಹಿಡಿದು, ಅಪ್ಪಣೆ ಬೇಡಿ, ಕಾಲಿಗೆ ತೊಟ್ಟ ಮೇಲೆ ಗುತ್ತಿನ ಯಜಮಾನನೂ ಕೈಮುಗಿದು ನಿಲ್ಲುತ್ತಾನೆ. ಬೆಳಗಾದರೆ ಒಡವೆ ಪೆಟ್ಟಿಗೆಗೆ. ತೊಟ್ಟವನು ತನ್ನ ಗುಡಿಸಲಿಗೆ.

ಒಮ್ಮೆ ನೇಮ ಮುಗಿದ ಮುಂಜಾವದಲ್ಲಿ, ಗಗ್ಗರ ಕಳಚಿಟ್ಟು ಕುಳಿತಿದ್ದ ವೃದ್ಧ ನರ್ತಕರೊಬ್ಬರನ್ನು ಕೇಳಿದೆ: “ಇದರ ತೂಕವೆಷ್ಟು?”

“ತಕ್ಕಡಿಯಲ್ಲಿಟ್ಟು ನೋಡಿದವರಿಲ್ಲ ಸ್ವಾಮೀ” ಎಂದು ಹೇಳಿ, ಅವರು ಕಣಕಾಲಿನ ಸುತ್ತ ಕಪ್ಪುಗಟ್ಟಿದ ಗೆರೆಯನ್ನು ತೋರಿಸಿದರು.