1,400 ರೂಪಾಯಿಯ ಡಿವಿಡಿ ಪ್ಲೇಯರ್ ಪಾಸೋ, ಫೇಲೋ?

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಗೋಕಾಕ ಪಟ್ಟಣದೊಳಗೆ ನುಗ್ಗಿದ್ದು ನಿಮಗೆಲ್ಲ ನೆನಪಿದೆ. ಲೋಳಸೂರ ಸೇತುವೆ ಮುಳುಗಿತ್ತು. ಹುಕ್ಕೇರಿ, ಮೂಡಲಗಿ ತಾಲ್ಲೂಕಿನ ನದಿ ದಂಡೆಯ ಊರುಗಳಿಗೂ ನೀರು ಹೊಕ್ಕಿತ್ತು. ನೀರು ಇಳಿದ ಮೇಲೆ ಸುದ್ದಿಗಾಗಿ ನಾವು ಓಣಿ ಓಣಿ ಸುತ್ತಿದೆವು. ಮಾಳಿಗೆ ಮೇಲೆ ಜನ ಒಣಗಲು ಹಾಕಿದ್ದು ಹಾಸಿಗೆ, ಜೋಳ ಅಷ್ಟೇ ಅಲ್ಲ. ಆಧಾರ್ ಕಾರ್ಡು, ಶಾಲೆಯ ಸರ್ಟಿಫಿಕೇಟು, ಮದುವೆ ಅಲ್ಬಮ್ಮು. ಅವುಗಳ ಪಕ್ಕದಲ್ಲೇ ಕೆಸರು ಮೆತ್ತಿದ ದುಂಡನೆಯ ಡಿಸ್ಕುಗಳು.

ಒಬ್ಬ ಅವ್ವ ಒಂದು ಡಿಸ್ಕ್ ಎತ್ತಿ ತೋರಿಸಿ ಕೇಳಿದಳು: "ಇದು ನಮ್ಮ ಮಗಳ ಮದವೀದ್ರಿ ಸರ. ಇನ್ನ ಓಡತೈತೇನ್ರಿ?"

ಆವತ್ತು ನಮಗೆ ಉತ್ತರ ಗೊತ್ತಿರಲಿಲ್ಲ. ನಮ್ಮ ಮನೆಯಲ್ಲೂ ಅಂಥದ್ದೇ ಒಂದು ಡಿಸ್ಕ್ ನೀರಲ್ಲಿತ್ತು. ಉತ್ತರ ಹುಡುಕುತ್ತ ಹೋದಾಗ ಸಿಕ್ಕಿದ್ದು ಒಂದು ಅಗ್ಗದ ಯಂತ್ರದ ಕಥೆ. ಇಪ್ಪತ್ತು ವರ್ಷದ ಹಿಂದೆ ನಮ್ಮ ಊರುಗಳ ಪ್ರತಿ ಓಣಿಗೂ ಬಂದು, ಹತ್ತೇ ವರ್ಷದಲ್ಲಿ ಅಟ್ಟ ಸೇರಿದ ಡಿವಿಡಿ ಪ್ಲೇಯರಿನ ಕಥೆ ಇದು.

ಬಾಡಿಗೆ ವಿಡಿಯೋದ ಕಾಲ

ಡಿವಿಡಿಗಿಂತ ಮೊದಲು ವಿಸಿಆರ್ ಇತ್ತು. ಅದನ್ನು ಸ್ವಂತಕ್ಕೆ ಕೊಳ್ಳುವ ತಾಕತ್ತು ಊರಲ್ಲಿ ಒಂದೆರಡು ಮನೆಗೆ ಮಾತ್ರ. ಜಾತ್ರೆಗೋ ಗಣಪತಿ ಹಬ್ಬಕ್ಕೋ ವರಗಣಿ ಕೂಡಿಸಿ ಟಿವಿ ಮತ್ತು ವಿಸಿಆರ್ ಬಾಡಿಗೆಗೆ ತರುತ್ತಿದ್ದರು. ಗುಡಿಯ ಮುಂದೆ ಚಾಪೆ ಹಾಸಿ ರಾತ್ರಿಯಿಡೀ ಮೂರು ಸಿನಿಮಾ ನೋಡುವುದು. ಕ್ಯಾಸೆಟ್ಟಿನ ರೀಲು ಸಿಕ್ಕಿಕೊಂಡರೆ ಆಟ ಮುಗಿಯಿತು. ದಂಡ ಕಟ್ಟುವವರು ಯಾರು ಅಂತ ಬೆಳಗಾಗುವತನಕ ವಾದ.

1993ರಲ್ಲಿ ಫಿಲಿಪ್ಸ್, ಸೋನಿ ಮೊದಲಾದ ಕಂಪನಿಗಳು ಸೇರಿ ವಿಸಿಡಿ ಎಂಬ ಪದ್ಧತಿ ಮಾಡಿದವು. ಹಾಡಿನ ಸಿಡಿಯಲ್ಲೇ ಚಿತ್ರ ತುಂಬುವ ಉಪಾಯ ಅದು. ಒಂದು ಡಿಸ್ಕಿಗೆ ಸುಮಾರು 74 ನಿಮಿಷ. ಹಾಗಾಗಿ ಒಂದು ಕನ್ನಡ ಸಿನಿಮಾಕ್ಕೆ ಎರಡು, ಕೆಲವೊಮ್ಮೆ ಮೂರು ಡಿಸ್ಕ್ ಬೇಕಾಗುತ್ತಿತ್ತು. ಫೈಟಿನ ನಡುವೆ ಎದ್ದು ಡಿಸ್ಕ್ ಬದಲಿಸುವ ಕೆಲಸ ಮನೆಯ ಸಣ್ಣ ಹುಡುಗರದ್ದು. ಆ ಕೆಲಸ ನಾವೂ ಮಾಡಿದ್ದೇವೆ.

ಡಿವಿಡಿಯ ಪದ್ಧತಿ 1995ರಲ್ಲಿ ಗಟ್ಟಿಯಾಯಿತು. 1996ರ ನವೆಂಬರಿನಲ್ಲಿ ಮೊದಲ ಪ್ಲೇಯರುಗಳು ಜಪಾನಿನಲ್ಲಿ ಮಾರಾಟಕ್ಕೆ ಬಂದವು. ಡಿಸ್ಕಿನ ಅಳತೆ ಸಿಡಿಯಷ್ಟೇ, 12 ಸೆಂಟಿಮೀಟರ್. ಆದರೆ ಸಿಡಿಯಲ್ಲಿ 700 ಎಂಬಿ ಹಿಡಿದರೆ ಇದರಲ್ಲಿ 4.7 ಜಿಬಿ. ಚಿತ್ರದ ಚುಕ್ಕೆಗಳ ಲೆಕ್ಕ ಹಾಕಿದರೆ ವಿಸಿಡಿಯ ನಾಲ್ಕು ಪಟ್ಟು. ಇಡೀ ಸಿನಿಮಾ ಒಂದೇ ಡಿಸ್ಕಿನಲ್ಲಿ.

ಮೊದಮೊದಲು ಇದು ಶ್ರೀಮಂತರ ಸಾಮಾನು. ಆಮೇಲೆ ಪ್ಲೇಯರಿನ ಬಹುತೇಕ ಕೆಲಸವನ್ನು ಒಂದೇ ಚಿಪ್ ಮಾಡುವಂತಾಯಿತು. ಚೀನಾದ ಕಾರ್ಖಾನೆಗಳು ಆ ಚಿಪ್ಪಿಗೆ ಒಂದು ಲೆನ್ಸು, ಒಂದು ಮೋಟರು, ಒಂದು ಪವರ್ ಬೋರ್ಡು ಕೂಡಿಸಿ ತಗಡಿನ ಪೆಟ್ಟಿಗೆಯಲ್ಲಿಟ್ಟು ಜಗತ್ತಿಗೆಲ್ಲ ಕಳಿಸಿದವು. ಬೆಲೆ ಜರ್ರನೆ ಇಳಿಯಿತು. ನಮ್ಮ ಮನೆಗೆ ಪ್ಲೇಯರ್ ಬಂದದ್ದು 2007ರಲ್ಲಿ, "ಮುಂಗಾರು ಮಳೆ"ಯ ಹಾಡು ಎಲ್ಲ ಟೆಂಪೋದಲ್ಲೂ ಕೇಳುತ್ತಿದ್ದ ವರ್ಷ. ಬೆಲೆ 1,400 ರೂಪಾಯಿ. ಕಬ್ಬಿನ ಬಿಲ್ಲು ಬಂದ ವಾರ ಅಪ್ಪ ತಂದದ್ದು.

ಅದೇ ವರ್ಷ ಮೋಸರ್ ಬೇರ್ ಕಂಪನಿ ಸಿನಿಮಾದ ವಿಸಿಡಿಯನ್ನು 28 ರೂಪಾಯಿಗೆ, ಡಿವಿಡಿಯನ್ನು 34 ರೂಪಾಯಿಗೆ ಮಾರಲು ಶುರು ಮಾಡಿತು. ಪ್ಲೇಯರೂ ಅಗ್ಗ, ಡಿಸ್ಕೂ ಅಗ್ಗ. ಹಳ್ಳಿಯಲ್ಲಿ ಡಿವಿಡಿ ಬೇರು ಬಿಟ್ಟದ್ದು ಹೀಗೆ.

ಪೆಟ್ಟಿಗೆಯ ಮೇಲಿನ ಮಾತು, ಅಂಗಡಿಯ ಪರೀಕ್ಷೆ

ಅಗ್ಗದ ಪ್ಲೇಯರಿನ ಪೆಟ್ಟಿಗೆಯ ಮೇಲೆ ದೊಡ್ಡ ದೊಡ್ಡ ಮಾತು ಬರೆದಿರುತ್ತಿತ್ತು. ಜೊತೆಗೆ ಕೊಡುವ ಸ್ಪೀಕರಿನ ಮೇಲೆ ಸಾವಿರಾರು ವಾಟ್ "ಪಿಎಂಪಿಒ" ಎಂಬ ಚೀಟಿ. ಈ ಪಿಎಂಪಿಒ ಅಳೆಯಲು ಎಲ್ಲರೂ ಒಪ್ಪಿದ ಅಳತೆಗೋಲೇ ಇಲ್ಲ. ಯಾರು ಎಷ್ಟು ಬೇಕಾದರೂ ಬರೆದುಕೊಳ್ಳಬಹುದು. ನಿಜವಾದ ದನಿಯ ಬಲ ತಿಳಿಯುವುದು ಆರ್‌ಎಂಎಸ್ ವಾಟಿನಿಂದ, ಅದು ಹತ್ತೋ ಇಪ್ಪತ್ತೋ ಇರುತ್ತಿತ್ತು. ಹಿಂದುಗಡೆ 5.1 ಸೌಂಡಿನ ಆರು ತೂತು ಇರುತ್ತಿದ್ದವು. ಅವಕ್ಕೆ ವೈರು ಹಾಕಿದ್ದನ್ನು ನಾವಂತೂ ಯಾರ ಮನೆಯಲ್ಲೂ ಕಾಣಲಿಲ್ಲ.

ನಮ್ಮ ಜನ ಪೆಟ್ಟಿಗೆ ಓದಿ ಕೊಳ್ಳಲಿಲ್ಲ. ಗೋಕಾಕದ ಒಬ್ಬ ರಿಪೇರಿ ಕಾಕಾ ನಮ್ಮ ಅಪ್ಪನಿಗೆ ಹೇಳಿದ್ದು ಒಂದೇ ಮಾತು: "ಅಣ್ಣಾ, ಹೊಸಾ ಡಿಸ್ಕ್ ಎಲ್ಲಾ ಮಿಷಿನ್ಯಾಗೂ ಓಡತೈತಿ. ನಿಮ್ಮ ಮನ್ಯಾಗಿನ ಕೆಟ್ಟ ಡಿಸ್ಕ್ ತುಗೊಂಡ ಬಾ, ಅದರ ಮ್ಯಾಲ ನೋಡೂಣು."

ಈ ಒಂದು ಮಾತಿನಲ್ಲಿ ಇಡೀ ಪರೀಕ್ಷೆ ಇದೆ. ಹಳ್ಳಿಯಲ್ಲಿ ಡಿಸ್ಕ್ ಹತ್ತು ಮನೆ ತಿರುಗುತ್ತಿತ್ತು. ಬಾಡಿಗೆ ಅಂಗಡಿಯಿಂದ ಬರುವಾಗಲೇ ಗೀರು ಬಿದ್ದಿರುತ್ತಿತ್ತು. ಧೋತರದ ಚುಂಗಿನಿಂದ ಒರೆಸಿ ಹಾಕುವ ರೂಢಿ ಬೇರೆ. ಇಂಥ ಡಿಸ್ಕ್ ಹಾಕಿದಾಗ ಕೆಲವು ದೊಡ್ಡ ಹೆಸರಿನ ಮಿಷಿನ್ನುಗಳು ಮುಖ ತಿರುಗಿಸಿ ಡಿಸ್ಕನ್ನೇ ಹೊರಗೆ ತಳ್ಳುತ್ತಿದ್ದವು. ಅಗ್ಗದ್ದು ಹಾಗಲ್ಲ. ಓದಲಿಕ್ಕೆ ಬಾರದ ಕಡೆ ಚಿತ್ರ ಚೌಕ ಚೌಕವಾಗಿ ಒಡೆದರೂ ಮುಂದೆ ಜಿಗಿದು ಓಡುತ್ತಿತ್ತು. ಡಿವಿಡಿಗೆ ದೇಶವಾರು ಬೀಗವೂ ಇತ್ತು. ಜಗತ್ತನ್ನು ವಲಯಗಳಾಗಿ ಹಂಚಿದ್ದರು, ಭಾರತ 5ನೇ ವಲಯ. ಬೇರೆ ವಲಯದ ಡಿಸ್ಕ್ ಇಲ್ಲಿ ಓಡಬಾರದೆಂಬ ನಿಯಮ. ಅಗ್ಗದ ಬಹಳ ಮಿಷಿನ್ನುಗಳು ಈ ಬೀಗವನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ.

ಎರಡನೆಯ ಪರೀಕ್ಷೆ ಲೆನ್ಸಿನದು. ಸಿಡಿ ಓದಲು ಒಂದು ಬಗೆಯ ಲೇಸರ್ ಬೆಳಕು ಬೇಕು, 780 ನ್ಯಾನೋಮೀಟರ್. ಡಿವಿಡಿಗೆ ಇನ್ನೊಂದು, 650 ನ್ಯಾನೋಮೀಟರ್. ಹೀಗಾಗಿ ಒಂದೇ ಪ್ಲೇಯರಿನಲ್ಲಿ ಡಿವಿಡಿ ಓಡಿ, ಸಿಡಿ ಓಡದೇ ಇರಬಹುದು. ಬಲ್ಲವರು ಅಂಗಡಿಗೆ ಎರಡೂ ಬಗೆಯ ಡಿಸ್ಕ್ ಒಯ್ಯುತ್ತಿದ್ದರು. ಲೆನ್ಸ್ ಮಬ್ಬಾದಾಗ ಮೆಕ್ಯಾನಿಕ್ಕುಗಳು ಒಂದು ಸಣ್ಣ ತಿರುಪು ತಿರುವಿ ಲೇಸರಿನ ಬಲ ಏರಿಸುತ್ತಿದ್ದರು. ಮಿಷಿನ್ ಮತ್ತೆ ಓಡುತ್ತಿತ್ತು, ಆದರೆ ಲೇಸರಿನ ಆಯುಷ್ಯ ಕಡಿಮೆಯಾಗುತ್ತಿತ್ತು. ಮುದಿ ಎತ್ತಿಗೆ ಚಾಟಿ ಹೊಡೆದಂತೆ.

ಮೂರನೆಯದು ಟಿವಿಗೆ ಕೂಡಿಸುವುದು. ಹಳದಿ, ಕೆಂಪು, ಬಿಳಿ ಪಿನ್ನಿನ ತೂತು ಹಳೆಯ ಕಪ್ಪು-ಬಿಳುಪು ಟಿವಿಗಳಲ್ಲಿ ಇರಲಿಲ್ಲ. ಅಂಥವರು ಆಂಟೆನಾ ತೂತಿಗೆ ಕೂಡಿಸುವ ಸಣ್ಣ ಡಬ್ಬಿಯೊಂದನ್ನು ಬೇರೆ ಕೊಳ್ಳಬೇಕಿತ್ತು. 1,400ರ ಲೆಕ್ಕ ಮನೆಗೆ ಬರುವಷ್ಟರಲ್ಲಿ ಬೆಳೆದಿರುತ್ತಿತ್ತು.

ಕರೆಂಟಿನ ಪರೀಕ್ಷೆ

ಕರೆಂಟಿನ ವಿಷಯದಲ್ಲಿ ನಮ್ಮ ಸೀಮೆಗೆ ದೊಡ್ಡ ಹೆಸರಿದೆ. ಗೋಕಾಕ ಜಲಪಾತದ ನೀರಿನ ಬಲದಿಂದ ಹತ್ತಿ ಗಿರಣಿ ನಡೆಸಿದ್ದು 1880ರ ದಶಕದಲ್ಲೇ. ಹುಕ್ಕೇರಿಯಲ್ಲಿ 1969ರಲ್ಲಿ ಹುಟ್ಟಿದ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ರಾಜ್ಯದಲ್ಲಿ ಕರೆಂಟ್ ಹಂಚುವ ಏಕೈಕ ಸಹಕಾರಿ ಸಂಘ. ಗೋಕಾಕ, ಮೂಡಲಗಿಯ ಕಡೆಗೆ 2002ರಿಂದ ಹೆಸ್ಕಾಂ. ಆಗ ಮೂಡಲಗಿಯೂ ಗೋಕಾಕ ತಾಲ್ಲೂಕಿನೊಳಗೇ ಇತ್ತು.

ಆದರೆ ಹೆಸರು ದೊಡ್ಡದಿದ್ದರೂ ಸಂಜೆ ಹೊಲದ ಪಂಪುಗಳೆಲ್ಲ ಒಮ್ಮೆಗೆ ಚಾಲೂ ಆದರೆ ಬಲ್ಬು ಕೆಂಪಗಾಗುತ್ತಿತ್ತು. ಟಿವಿಯ ಚಿತ್ರ ಎರಡೂ ಕಡೆಯಿಂದ ಕುಗ್ಗುತ್ತಿತ್ತು. ಇಂಥ ಹೊತ್ತಿನಲ್ಲಿ ಅಗ್ಗದ ಡಿವಿಡಿ ಪ್ಲೇಯರ್ ನಿಜವಾಗಿ ಪಾಸಾಯಿತು. ಅದರ ಪವರ್ ಬೋರ್ಡು ಸುಮಾರು 100 ವೋಲ್ಟಿನಿಂದ 240 ವೋಲ್ಟಿನವರೆಗೆ ತಡೆಯುವಂಥದ್ದು. ತಿನ್ನುವುದು ಹತ್ತು ಹದಿನೈದು ವಾಟ್ ಮಾತ್ರ. ಟಿವಿ ಸೋತು ಆರಿದರೂ ಪ್ಲೇಯರಿನ ಹಸಿರು ಅಂಕಿ ಓಡುತ್ತಲೇ ಇರುತ್ತಿತ್ತು. ಆದರೆ ವೋಲ್ಟೇಜ್ ಒಮ್ಮೆಲೇ ಏರಿದರೆ ಮೊದಲು ಸುಡುವುದೂ ಅದೇ ಪವರ್ ಬೋರ್ಡು. ಪುಣ್ಯಕ್ಕೆ ಅದು ಬಿಡಿಯಾಗಿ ಸಿಗುತ್ತಿತ್ತು. ನಮ್ಮ ಮನೆಯದು ಎರಡು ಸಲ ಸುಟ್ಟಿತು, ಎರಡು ಸಲವೂ ಸಂತೆಯ ದಿನ ರಿಪೇರಿಯಾಗಿ ಬಂತು.

ಅದರಲ್ಲಿ ಏನು ಓಡಿತು?

ಸಿನಿಮಾ ಅಷ್ಟೇ ಆಗಿದ್ದರೆ ಈ ಯಂತ್ರದ ಬಗ್ಗೆ ಇಷ್ಟು ಬರೆಯುವ ಅಗತ್ಯವಿರಲಿಲ್ಲ. ಥಿಯೇಟರಿನಲ್ಲಿ ಕದ್ದು ಹಿಡಿದ ಪ್ರಿಂಟುಗಳೂ ಸಂತೆಯಲ್ಲಿ ಬಂದವು. ಪರದೆಯ ಮುಂದೆ ಎದ್ದು ಹೋಗುವವರ ತಲೆ ಕಾಣುವಂಥವು. ಅವು ಹೋದರೆ ಹೋಗಲಿ.

ಉಳಿಯಬೇಕಾದದ್ದು ಬೇರೆ ಇದೆ. ಶ್ರೀಕೃಷ್ಣ ಪಾರಿಜಾತವನ್ನು ಬೆಳೆಸಿದ ಕುಲಗೋಡ ತಮ್ಮಣ್ಣನ ನೆಲ ಇದು. ಕೌಜಲಗಿ ನಿಂಗಮ್ಮನ ದನಿ ಕೇಳಿದ ನೆಲ. ಪಾರಿಜಾತ, ಸಣ್ಣಾಟ, ಡೊಳ್ಳಿನ ಪದ, ಗೀಗೀ ಪದ ಮೊದಲು ಕ್ಯಾಸೆಟ್ಟಿನಲ್ಲಿ ಬಂದವು. ಆಮೇಲೆ ಎಂಪಿ3 ಸಿಡಿಗೆ ಏರಿದವು. ಒಂದು ಎಂಪಿ3 ಸಿಡಿಯಲ್ಲಿ ನೂರೈವತ್ತರ ಆಸುಪಾಸು ಹಾಡು. ಊರಿನ ಹುಡುಗರು ಜಾತ್ರೆಯ ಆಟವನ್ನು ಕ್ಯಾಮೆರಾದಲ್ಲಿ ಹಿಡಿದು ಡಿಸ್ಕ್ ಮಾಡಿ ಹಂಚಿದರು. ಮದುವೆ, ಸೀಮಂತ, ಗುಡಿಯ ಕಳಸಾರೋಹಣ ಎಲ್ಲವೂ ಡಿವಿಡಿಗೆ ಬಂದವು. ಸುಮಾರು ಹತ್ತು ವರ್ಷ ನಮ್ಮ ಊರುಗಳ ನೆನಪನ್ನು ಬರೆದಿಟ್ಟುಕೊಂಡ ವಹಿ ಅಂದರೆ ಈ ಡಿಸ್ಕುಗಳೇ. ಯಾವ ಗ್ರಂಥಾಲಯದಲ್ಲೂ ಇವುಗಳ ಪ್ರತಿ ಇಲ್ಲ.

ಆಮೇಲೆ ಡಿಶ್ ಬಂತು, ಮೆಮೊರಿ ಕಾರ್ಡ್ ಬಂತು. 2016ರ ಸೆಪ್ಟೆಂಬರಿನಲ್ಲಿ ಜಿಯೋ ಬಂದು ಸಿನಿಮಾ ಕೈಯೊಳಗಿನ ಫೋನಿಗೇ ಇಳಿಯಿತು. 34 ರೂಪಾಯಿಗೆ ಡಿವಿಡಿ ಮಾರಿದ ಕಂಪನಿ 2018ರಲ್ಲಿ ಮುಚ್ಚುವ ಆದೇಶ ಕಂಡಿತು. ಪ್ಲೇಯರುಗಳು ಗುಜರಿಗೆ ಹೋದವು. ಡಿಸ್ಕುಗಳು ಮಾತ್ರ ಟ್ರಂಕಿನಲ್ಲಿ ಉಳಿದವು. ಮರು ವರ್ಷವೇ ನೀರು ಬಂತು.

ಕಡೆಯ ಪರೀಕ್ಷೆ

ನಮ್ಮ ಮನೆಯ ಡಿಸ್ಕಿನಲ್ಲಿ ಇದ್ದದ್ದು 2008ರ ನಮ್ಮ ಅಕ್ಕನ ಮದುವೆ. ಅದರಲ್ಲಿ ಅರಿಶಿನ ಹಚ್ಚುವಾಗ ನಮ್ಮ ಆಯಿ ಸೋಬಾನೆ ಪದ ಹಾಡಿದ್ದಾಳೆ. ಆಯಿ ತೀರಿ ವರ್ಷಗಳಾಗಿವೆ. ಅವಳ ದನಿ ಬೇರೆ ಎಲ್ಲೂ ಇಲ್ಲ.

ಮೊದಲು ಡಿಸ್ಕನ್ನು ಬರೀ ನೀರಿನಲ್ಲಿ ತೊಳೆದೆವು. ಲ್ಯಾಪ್‌ಟಾಪಿಗೆ ಹಾಕಿದರೆ ಗಿರ್ರಂತ ತಿರುಗಿ ಸುಮ್ಮನಾಯಿತು. ಇನ್ನೊಂದು ಕಂಪ್ಯೂಟರಿನಲ್ಲೂ ಅದೇ ಕಥೆ. ನಮ್ಮ ಹಳೆಯ ಪ್ಲೇಯರ್ ಕೆಸರಿನಲ್ಲಿ ಸತ್ತಿತ್ತು. ಆಗ ನೆನಪಾದದ್ದು ಹುಕ್ಕೇರಿಯ ಮಾಮಾನ ಮನೆ. ಅವರ ಅಟ್ಟದ ಮೇಲೆ ಅಂಥದ್ದೇ ಅಗ್ಗದ ಒಂದು ಪ್ಲೇಯರ್ ಇತ್ತು. ಧೂಳು ಜಾಡಿಸಿ, ಲೆನ್ಸನ್ನು ಹತ್ತಿಯಿಂದ ಒರೆಸಿ, ಡಿಸ್ಕ್ ಹಾಕಿದೆವು. ಎರಡು ಸಲ "ನೋ ಡಿಸ್ಕ್" ಅಂದಿತು. ಮೂರನೆಯ ಸಲ ಹಿಡಿಯಿತು.

ಚಿತ್ರ ಅಲ್ಲಲ್ಲಿ ಚೌಕವಾಗಿ ಒಡೆಯಿತು. ಅಕ್ಕಿಕಾಳಿನ ಹೊತ್ತಿಗೆ ಪೂರ್ತಿ ನಿಂತು, ಮುಂದಕ್ಕೆ ಜಿಗಿಯಿತು. ಆದರೆ ಅರಿಶಿನದ ಭಾಗ ಉಳಿದಿತ್ತು. ಆಯಿ ಹಾಡಿದಳು. ಅವ್ವ ಎದ್ದು ಟಿವಿಯ ಹತ್ತಿರ ಹೋಗಿ ಕೂತಳು. ಮಾಮಾ ಮಾತ್ರ "ಯಾರೂ ಬಂದ್ ಮಾಡಬ್ಯಾಡ್ರಿ, ಮತ್ತ ಹತ್ತತೈತೋ ಇಲ್ಲೋ" ಅಂದರು. ಮರುದಿನ ಫೋಟೋ ಸ್ಟುಡಿಯೋದ ಹುಡುಗ ಪ್ಲೇಯರಿನ ಹಳದಿ-ಕೆಂಪು-ಬಿಳಿ ವೈರನ್ನು ಒಂದು ಸಣ್ಣ ಕ್ಯಾಪ್ಚರ್ ಡಬ್ಬಿಯ ಮೂಲಕ ಕಂಪ್ಯೂಟರಿಗೆ ಕೂಡಿಸಿ, ಓಡಿದ್ದನ್ನು ಓಡಿದ ಹಾಗೇ ಉಳಿಸಿಕೊಟ್ಟ.

ಹಾಗಾದರೆ ಆ ಅವ್ವನ ಪ್ರಶ್ನೆಗೆ ಉತ್ತರ ಇದು. ಡಿವಿಡಿ ಆಗಿದ್ದರೆ ಆಸೆ ಇದೆ. ಅದರ ಮಾಹಿತಿಯ ಪದರ ಎರಡು ಪ್ಲಾಸ್ಟಿಕ್ ಬಿಲ್ಲೆಗಳ ನಡುವೆ ಇರುತ್ತದೆ. ಸಿಡಿ ಅಥವಾ ವಿಸಿಡಿ ಆಗಿದ್ದರೆ ಆ ಪದರ ಹೆಸರು ಬರೆಯುವ ಮೇಲ್ಮೈಯ ಕೆಳಗೇ, ತೆಳ್ಳನೆಯ ಲೇಪದಡಿ ಇರುತ್ತದೆ. ಆ ಕಡೆ ಸಿಪ್ಪೆ ಎದ್ದರೆ ಮುಗಿಯಿತು. ಸ್ಟುಡಿಯೋದಲ್ಲಿ ಬರೆದುಕೊಟ್ಟ ಡಿಸ್ಕುಗಳಲ್ಲಿ ಇರುವುದು ಬಣ್ಣದ ಪದರ, ಅದು ಬಿಸಿಲಿಗೆ ಕೆಡುತ್ತದೆ. ಹಾಗಾಗಿ ಮಾಳಿಗೆಯ ಬಿಸಿಲಲ್ಲಿ ಒಣಗಿಸಬೇಡಿ, ನೆರಳಲ್ಲಿ ಒಣಗಿಸಿ. ಒರೆಸುವಾಗ ಗುಂಡಗೆ ತಿರುವಬೇಡಿ. ಮೆತ್ತನೆಯ ಅರಿವೆಯಿಂದ ನಡುವಿನ ತೂತಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಿ.

ಕಂಪ್ಯೂಟರ್ ಓದಿದರೆ ಡಿಸ್ಕಿನೊಳಗಿನ ಫೋಲ್ಡರುಗಳನ್ನು ಇಡಿಯಾಗಿ ಪೆನ್‌ಡ್ರೈವಿಗೆ ಹಾಕಿ. 32 ಜಿಬಿಯ ಒಂದು ಪೆನ್‌ಡ್ರೈವಿನಲ್ಲಿ ಆರು ಡಿವಿಡಿ ಹಿಡಿಯುತ್ತವೆ. ಒಂದು ಪ್ರತಿ ನಿಮ್ಮ ಮನೆಯಲ್ಲಿ, ಇನ್ನೊಂದು ನದಿಯಿಂದ ದೂರದ ಬೀಗರ ಮನೆಯಲ್ಲಿ ಇರಲಿ. ಕಂಪ್ಯೂಟರ್ ಓದದಿದ್ದರೆ ಓಣಿಯಲ್ಲಿ ಯಾರ ಅಟ್ಟದ ಮೇಲೆ ಹಳೆಯ ಪ್ಲೇಯರ್ ಇದೆ ಕೇಳಿ. ಗುಜರಿಯವನಿಗೆ ಕೊಡುವ ಮೊದಲು ಒಂದು ಸಲ ಚಾಲೂ ಮಾಡಿ ನೋಡಿ.

1,400 ರೂಪಾಯಿಯ ಮಿಷಿನ್ ಪಾಸೋ ಫೇಲೋ ಅಂತ ಕೇಳಿದರೆ, ಪೆಟ್ಟಿಗೆಯ ಮೇಲೆ ಬರೆದದ್ದರಲ್ಲಿ ಅರ್ಧ ಸುಳ್ಳು. ಬಣ್ಣ ಸುಮಾರು, ದನಿ ಸುಮಾರು, ರಿಮೋಟ್ ಆರು ತಿಂಗಳು. ಆದರೆ ಕೆಟ್ಟ ಕರೆಂಟಿನಲ್ಲಿ, ಕೆಟ್ಟ ಡಿಸ್ಕಿನಲ್ಲಿ ಅದು ನಮ್ಮ ಆಯಿಯ ಪದ ಕೇಳಿಸಿತು. ನಮ್ಮ ಲೆಕ್ಕದಲ್ಲಿ ಪಾಸು.

ಮತ್ತೆ ಮಳೆಗಾಲ ಬರುತ್ತದೆ. ಅದಕ್ಕೂ ಮೊದಲು ಟ್ರಂಕ್ ತೆಗೆಯಿರಿ.