ಪೂಸಾದ ಮಾವು ಮತ್ತು ಕಸಿಯ ವಿದ್ಯೆ
ಬಿಹಾರದ ಪೂಸಾದಲ್ಲಿದ್ದ ಕೃಷಿ ಸಂಶೋಧನಾ ಸಂಸ್ಥೆ 1934ರ ಭೂಕಂಪದಲ್ಲಿ ಹಾನಿಗೊಂಡು, 1936ರಲ್ಲಿ ದೆಹಲಿಗೆ ಬಂತು. ಹೊಸ ಆವರಣಕ್ಕೂ ಪೂಸಾ ಎಂಬ ಹೆಸರೇ ನಿಂತಿತು. ಉತ್ತರದ ದಶೇರಿ ಮಾವು ಬಲು ರುಚಿ, ಆದರೆ ವರ್ಷ ಬಿಟ್ಟು ವರ್ಷ ಫಲ. ದಕ್ಷಿಣದ ನೀಲಂ ಪ್ರತಿವರ್ಷ ಕಾಯಿ ಬಿಡುತ್ತದೆ. ಇವೆರಡರ ಸಂಕರದಿಂದ ದೆಹಲಿಯ ಪೂಸಾ ಸಂಸ್ಥೆಯ ವಿಜ್ಞಾನಿಗಳು 1970ರ ದಶಕದಲ್ಲಿ ಮಲ್ಲಿಕಾ, ಆಮ್ರಪಾಲಿ ತಳಿಗಳನ್ನು ಕೊಟ್ಟರು. ಮಲ್ಲಿಕಾ ಇಂದು ಕರ್ನಾಟಕದ ತೋಟಗಳಲ್ಲೂ ಬೇರೂರಿದೆ.

ಗೊರಟೆ ನೆಟ್ಟರೆ ಇಂಥ ತಳಿಗಳಲ್ಲಿ ತಾಯಿಮರದ ಗುಣ ಉಳಿಯದು, ಕಸಿಯೇ ದಾರಿ. ಕುಡಿ ಮತ್ತು ಬೇರುಸಸಿಯ ತೊಗಟೆಯಡಿಯ ಹಸಿ ಪದರಗಳು ಕೂಡುವಂತೆ ಬಿಗಿಯಾಗಿ ಕಟ್ಟಬೇಕು. ಬೆಳೆದ ಮರದ ಬೇರೆ ಬೇರೆ ಕೊಂಬೆಗಳಿಗೆ ಬೇರೆ ಬೇರೆ ತಳಿಯ ಕುಡಿ ಕಟ್ಟಿದರೆ ಒಂದೇ ಬುಡದಲ್ಲಿ ಹಲವು ಹಣ್ಣು. ಜಾಗ ಸಾಲದ ಮಹಾನಗರದ ಹಿತ್ತಲಿಗೆ ಇದಕ್ಕಿಂತ ಒಪ್ಪುವ ವಿದ್ಯೆ ಇನ್ನೊಂದಿಲ್ಲ. ಲಖನೌ ಬಳಿಯ ಮಲಿಹಾಬಾದಿನಲ್ಲಿ ಒಂದೇ ಮರಕ್ಕೆ ಸುಮಾರು 300 ತಳಿಗಳನ್ನು ಕಟ್ಟಿದ ಕಲೀಮುಲ್ಲಾ ಖಾನ್ ಅವರಿಗೆ 2008ರಲ್ಲಿ ಪದ್ಮಶ್ರೀ ಸಂದಿತು.