ತುಮಕೂರು ಸೀಮೆಯಲ್ಲಿ ಊರು ಬಿಟ್ಟವರ ಜಾಡು

ಮೈಸೂರು ದೇಶದ ಇತಿಹಾಸವನ್ನು ಬರೆದವರು ಯಾವ ಕೋಟೆ ಯಾವಾಗ ಯಾರ ವಶವಾಯಿತೆಂಬುದನ್ನು ವಿಸ್ತಾರವಾಗಿ ತಿಳಿಸಿರುವರು. ಆ ಕೋಟೆಗಳ ಕೆಳಗಿನ ಹಳ್ಳಿಗಳಲ್ಲಿದ್ದ ಜನರು ದಂಡು ಬಂದಾಗ, ಮಳೆ ಹೋದಾಗ, ಎಲ್ಲಿಗೆ ಹೋದರು, ಮರಳಿ ಬಂದರೋ ಹೋದಲ್ಲಿಯೇ ನೆಲಸಿದರೋ ಎಂಬ ಪ್ರಶ್ನೆಗೆ ಆ ಗ್ರಂಥಗಳಲ್ಲಿ ಉತ್ತರ ವಿರಳ. ತುಮಕೂರು, ಗುಬ್ಬಿ, ಕುಣಿಗಲು ಪ್ರಾಂತಗಳು ಈ ಪ್ರಶ್ನೆಯನ್ನು ಕೇಳುವುದಕ್ಕೆ ತಕ್ಕ ಸ್ಥಳಗಳಾಗಿವೆ. ಶಿರಾಕ್ಕೂ ಶ್ರೀರಂಗಪಟ್ಟಣಕ್ಕೂ ನಡುವೆ ಬಿದ್ದ ಈ ನಾಡು ಹದಿನೆಂಟನೆಯ ಶತಮಾನದಲ್ಲಿ ಮರಾಠರು, ಹೈದರ್, ಟಿಪ್ಪು, ಇಂಗ್ಲಿಷರು ಇವರೆಲ್ಲರ ಸೇನೆಗಳನ್ನೂ ಕಂಡಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಧಾತು ಈಶ್ವರ ಸಂವತ್ಸರಗಳ ಕ್ಷಾಮವನ್ನು ಅನುಭವಿಸಿತು. ಹೀಗೆ ನೆಲೆ ತಪ್ಪಿದವರನ್ನು ಹುಡುಕಲು ಯಾವ ಆಧಾರಗಳಿವೆ, ಅವುಗಳನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಮೊದಲು ಯುದ್ಧಕಾಲವನ್ನು ನೋಡೋಣ. 1687ರಲ್ಲಿ ಮೊಗಲರ ಸುಬೆಗೆ ರಾಜಧಾನಿಯಾದ ಶಿರಾ 1761ರಲ್ಲಿ ಹೈದರನ ಕೈಸೇರಿತು. ಟಿಪ್ಪು ಸುಲ್ತಾನನು ಶ್ರೀರಂಗಪಟ್ಟಣದ ಬಳಿಯ ಗಂಜಾಮನ್ನು ಜನಭರಿತವಾಗಿ ಮಾಡುವುದಕ್ಕಾಗಿ ಶಿರಾದಿಂದ 12,000 ಕುಟುಂಬಗಳನ್ನು ಬಲವಂತದಿಂದ ಕರೆದೊಯ್ದನೆಂದು ರೈಸ್ ಸಾಹೇಬರು ತಮ್ಮ ಗ್ಯಾಸೆಟಿಯರಿನಲ್ಲಿ ಹೇಳಿರುವರು. ಮನೆಯೊಂದಕ್ಕೆ ಐವರೆಂದು ಹಿಡಿದರೆ ಇದು 60,000 ಜನವಾಗುತ್ತದೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇರಬಹುದು. ಆದರೆ ಗಮನಿಸಬೇಕಾದುದು ಬೇರೊಂದು. 1799ರಲ್ಲಿ ಪಟ್ಟಣವು ಬಿದ್ದು ರಾಜಧಾನಿಯು ಮೈಸೂರಿಗೆ ಹೋದ ಮೇಲೆ ಇದೇ ಜನರಲ್ಲಿ ಅನೇಕರು ಎರಡನೆಯ ಸಲ ಚದರಿರಬೇಕು. 1800ರಲ್ಲಿ ಅಲ್ಲಿಗೆ ಬಂದ ಬುಕಾನನ್ ಪಟ್ಟಣದ ಜನಸಂಖ್ಯೆಯು ಬಹಳ ಕುಗ್ಗಿದುದನ್ನು ಬರೆದಿಟ್ಟಿದ್ದಾನೆ. ದೊರೆಯ ಆಜ್ಞೆಯಿಂದಾದ ಮೊದಲನೆಯ ಸ್ಥಳಾಂತರಕ್ಕೆ ಸಂಖ್ಯೆಯೊಂದು ಉಳಿಯಿತು. ದೊರೆಯಿಲ್ಲದೆ ಆದ ಎರಡನೆಯದಕ್ಕೆ ಅದೂ ಉಳಿಯಲಿಲ್ಲ.

ಕುಣಿಗಲಿನ ಕಡೆಯ ಕಥೆಯೂ ಇಂಥದೇ. 1791ರ ಕೊನೆಯಲ್ಲಿ ಕಾರ್ನ್‌ವಾಲಿಸನ ಸೇನೆಯು ಸಾವನದುರ್ಗವನ್ನೂ ಹುತ್ರಿದುರ್ಗವನ್ನೂ ಹಿಡಿಯಿತು. ಶತ್ರುವಿಗೆ ಧಾನ್ಯವೂ ಮೇವೂ ದೊರೆಯದಂತೆ ದಾರಿಯ ಹಳ್ಳಿಗಳನ್ನು ಬರಿದು ಮಾಡುವುದು ಆ ಕಾಲದ ಯುದ್ಧಕ್ರಮ. ದುರ್ಗಗಳ ಮುತ್ತಿಗೆಯ ವಿವರಗಳು ದೊರೆಯುತ್ತವೆ. ದುರ್ಗದ ಬುಡದಲ್ಲಿ ಉತ್ತು ಬಿತ್ತುತ್ತಿದ್ದವರ ವಿವರವು ಮಾತ್ರ ಎಲ್ಲಿಯೂ ಇಲ್ಲ.

ಸರ್ಕಾರದ ಕಾಗದಗಳಲ್ಲಿ ಇಂಥ ಜನರ ಗುರುತು ಉಳಿದಿರುವುದು ಹೆಚ್ಚಾಗಿ ಒಂದೇ ಮಾತಿನಲ್ಲಿ, ಅದು ‘ಬೇಚರಾಕ್’. ಪಾರಸಿಯಲ್ಲಿ ಈ ಮಾತಿಗೆ ದೀಪವಿಲ್ಲದ್ದು ಎಂದರ್ಥ. ಕಂದಾಯದ ದಾಖಲೆಗಳಲ್ಲಿ ಎಲ್ಲೆಯೂ ಹೆಸರೂ ಉಳಿದು, ಮನೆ ಮಾತ್ರ ಒಂದೂ ಇಲ್ಲದ ಊರು ಬೇಚರಾಕ್ ಗ್ರಾಮವೆನಿಸುತ್ತದೆ. ನೆಲ ಉಳಿದರೆ ಕಂದಾಯ ಉಳಿಯಿತು; ಆದಕಾರಣ ನೆಲದ ಲೆಕ್ಕ ತಪ್ಪಲಿಲ್ಲ. ಊರನ್ನು ಬಿಟ್ಟವರಾರು, ಯಾವ ವರ್ಷ, ಯಾವ ಕಾರಣದಿಂದ ಎಂಬುದು ಆ ಮಾತಿನಲ್ಲಿಲ್ಲ. ದಂಡು, ಬರ, ಮಹಾಮಾರಿ ಮೂರಕ್ಕೂ ಅದೊಂದೇ ಹೆಸರು.

ಇನ್ನು ಕ್ಷಾಮದ ವಿಷಯ. 1876ರಿಂದ 1878ರ ವರೆಗಿನ ಮಹಾಕ್ಷಾಮವು ಮೈಸೂರಿಗೆ ಬಂದುದು ಸಂಸ್ಥಾನವು ಇಂಗ್ಲಿಷ್ ಕಮಿಷನರುಗಳ ಆಡಳಿತದಲ್ಲಿದ್ದಾಗ. 1871ರ ಖಾನೇಷುಮಾರಿಯಲ್ಲಿ ಸಂಸ್ಥಾನದ ಜನಸಂಖ್ಯೆ 50,55,412, 1881ರಲ್ಲಿ 41,86,188. ಹತ್ತು ವರ್ಷಗಳಲ್ಲಿ 8,69,224 ಜನ, ಎಂದರೆ ನೂರಕ್ಕೆ 17ಕ್ಕಿಂತ ಹೆಚ್ಚು ಮಂದಿ, ಕಡಮೆಯಾದರು. 1891ರಲ್ಲಿ ಸಹ 49,43,604 ಜನರಿದ್ದರೇ ಹೊರತು ಇಪ್ಪತ್ತು ವರ್ಷಗಳ ಹಿಂದಿನ ಸಂಖ್ಯೆಯನ್ನು ಮುಟ್ಟಲಿಲ್ಲ. ಈ ಅಂಕೆಗಳನ್ನು ನಮ್ಮ ಗ್ರಂಥಗಳು ಅನೇಕ ವೇಳೆ ಸತ್ತವರ ಸಂಖ್ಯೆಯೆಂದೇ ಎಣಿಸುತ್ತವೆ, ಅದು ಸರಿಯಲ್ಲ. ಕಡಮೆಯಾದ ಎಂಟೂ ಮುಕ್ಕಾಲು ಲಕ್ಷದಲ್ಲಿ ಸತ್ತವರಿದ್ದಾರೆ; ಹುಟ್ಟಬೇಕಾಗಿದ್ದು ಹುಟ್ಟದೆ ಹೋದವರಿದ್ದಾರೆ; ಗಡಿಯನ್ನು ದಾಟಿ ಹೋದವರೂ ಇದ್ದಾರೆ. ಮೂವರನ್ನೂ ಬೇರೆ ಮಾಡಿ ತೋರಿಸುವ ಶಕ್ತಿ ಖಾನೇಷುಮಾರಿಗಿಲ್ಲ. ಸಂಸ್ಥಾನದೊಳಗೇ ಸ್ಥಳ ಬದಲಿಸಿದವರಂತೂ ಒಟ್ಟು ಸಂಖ್ಯೆಯಲ್ಲಿ ಕಾಣಿಸುವುದೇ ಇಲ್ಲ. ಕುಣಿಗಲಿನಿಂದಾಗಲಿ ತುಮಕೂರಿನಿಂದಾಗಲಿ ಬೆಂಗಳೂರಿಗೆ ಎರಡು ಮೂರು ದಿನಗಳ ನಡಿಗೆ. ಗಂಜಿಯ ಆಸೆಯಿಂದ ಬಂದು ಪೇಟೆಯಲ್ಲಿ ಉಳಿದುಕೊಂಡವನೂ, ಪರಿಹಾರ ಕಾಮಗಾರಿಯಾಗಿ ಆರಂಭವಾದ ಬೆಂಗಳೂರು–ಮೈಸೂರು ರೈಲುದಾರಿಯಲ್ಲಿ ಮಣ್ಣು ಹೊತ್ತು ಅಲ್ಲಿಯೇ ನಿಂತವನೂ, 1881ರ ಫೆಬ್ರವರಿ 17ರ ರಾತ್ರಿ ಎಲ್ಲಿದ್ದರೋ ಅಲ್ಲಿಯವರೆಂದೇ ಎಣಿಕೆಗೆ ಬಂದರು.

ಜನರನ್ನು ಸಂಖ್ಯೆಯಿಂದಲ್ಲದೆ ಹೆಸರಿನಿಂದ ಹುಡುಕುವ ಪದ್ಧತಿಯು ಆಗಲೇ ಲೋಕದಲ್ಲಿ ಹುಟ್ಟಿತ್ತು. 1870ರಲ್ಲಿ ಫ್ರಾನ್ಸಿಗೂ ಪ್ರಷ್ಯಕ್ಕೂ ಯುದ್ಧವಾದಾಗ ರೆಡ್‌ಕ್ರಾಸಿನವರು ಬಾಸೆಲ್ ನಗರದಲ್ಲಿ ಗಾಯಗೊಂಡವರ ಮತ್ತು ಸೆರೆಸಿಕ್ಕವರ ಸಮಾಚಾರವನ್ನು ಮನೆಯವರಿಗೆ ಮುಟ್ಟಿಸುವ ಕಚೇರಿಯನ್ನು ತೆರೆದರು. 1914ರಲ್ಲಿ ಜಿನೀವದಲ್ಲಿ ಸ್ಥಾಪಿತವಾದ ಕಚೇರಿಯಲ್ಲಿ ಇಂಥ ಚೀಟಿಗಳು ಸುಮಾರು 70 ಲಕ್ಷ ಸೇರಿದುವು. ಚೀಟಿಯೊಂದಕ್ಕೆ ಮನುಷ್ಯನೊಬ್ಬ, ಅವನನ್ನು ಹುಡುಕುವ ಮನೆಯೊಂದು.

ನಮ್ಮ ನಾಡಿನಲ್ಲಿ ಇದಕ್ಕೆ ಸಮೀಪವಾದ ಕೆಲಸವನ್ನು ಯಾವ ಕಚೇರಿಯೂ ಮಾಡಲಿಲ್ಲ, ಹೆಳವರು ಮಾಡಿದರು. ಕಾಲುಗಳನ್ನು ಕಂಬಳಿಯಿಂದ ಮುಚ್ಚಿಕೊಂಡು, ಎತ್ತಿನ ಮೇಲೆ ಕುಳಿತು, ಊರೂರಿಗೆ ಬಂದು ಮನೆಮನೆಯ ವಂಶವನ್ನೂ ಯುದ್ಧದಲ್ಲಿ ಮಡಿದ ವೀರರ ಹೆಸರುಗಳನ್ನೂ ಹೇಳುವ ಈ ಜನರನ್ನು ಥರ್ಸ್ಟನ್ ಸಾಹೇಬರು 1909ರ ತಮ್ಮ ಗ್ರಂಥದಲ್ಲಿ ಗ್ರಾಮಚರಿತ್ರೆಗಳ ಪಾಲಕರೆಂದೇ ವರ್ಣಿಸಿದ್ದಾರೆ. ಮೂಲಸ್ಥಳ ಯಾವುದು, ಬೆಡಗು ಯಾವುದು, ಮನೆದೇವರು ಯಾರು, ಯಾವ ತಲೆಮಾರಿನಲ್ಲಿ ಊರು ಬಿಟ್ಟರು ಎಂಬಿವು ಹೆಳವನ ವಾರ್ತೆಯ ಅಂಗಗಳು. ಅವನ ಶ್ರದ್ಧೆಗೆ ಕಾರಣವೂ ಸ್ಪಷ್ಟ. ಒಕ್ಕಲು ತಪ್ಪಿಹೋದರೆ ಅವನಿಗೆ ಬರತಕ್ಕ ಕಾಣಿಕೆಯೂ ತಪ್ಪಿತು. ಆದ್ದರಿಂದ ಮನೆತನವು ಎಲ್ಲಿಗೆ ಹೋದರೂ ಅದರ ಜಾಡು ಹಿಡಿದು ಹೋಗುವುದು ಅವನಿಗೆ ಜೀವನೋಪಾಯವಾಗಿತ್ತು. ಕಂದಾಯದ ಲೆಕ್ಕವು ನೆಲದೊಡನೆ ನಿಂತಿತು. ಹೆಳವನ ಲೆಕ್ಕವು ಮನುಷ್ಯನೊಡನೆ ನಡೆಯಿತು.

ಹಾಗೆಂದು ಹೆಳವನ ಮಾತನ್ನು ಪರೀಕ್ಷಿಸದೆ ಒಪ್ಪಲಾಗದು. ತಲೆಮಾರುಗಳನ್ನು ಕ್ರಮವಾಗಿ ಹೇಳುವ ಈ ವಾರ್ತೆಯು ಶಕವರ್ಷವನ್ನು ಹೇಳಲಾರದು. ವಲಸೆಯ ಕಾರಣವಂತೂ ಅನೇಕ ಐತಿಹ್ಯಗಳಲ್ಲಿ ಒಂದೇ ಅಚ್ಚಿನದು. ಹುತ್ರಿದುರ್ಗವನ್ನು ಆಳಿದ ಮಾಗಡಿ ಪ್ರಭುಗಳ ಮೂಲವಂಶವಾದ ಆವತಿಯವರ ಕಥೆಯಲ್ಲಿ, ಪ್ರಬಲನೊಬ್ಬನು ಮನೆಯ ಹೆಣ್ಣನ್ನು ಬೇಡಿದನು. ಒಡಹುಟ್ಟಿದವರು ರಾತ್ರಿಯಲ್ಲಿ ಗಾಡಿ ಕಟ್ಟಿ ಹೊರಟರು. ಅಡ್ಡಬಂದ ಹೊಳೆಯು ದಾರಿ ಬಿಟ್ಟಿತು. ಸಾಹಿತ್ಯವನ್ನು ಪಾಠ ಹೇಳುವವರಿಗೆ ಇದರ ಅರ್ಥವನ್ನು ವಿವರಿಸಬೇಕಾಗಿಲ್ಲ. ಹಸಿವಿನಿಂದ ಊರು ಬಿಟ್ಟೆವೆನ್ನುವುದಕ್ಕಿಂತ ಮಾನಕ್ಕಾಗಿ ಊರು ಬಿಟ್ಟೆವೆನ್ನುವುದು ಕುಲಕ್ಕೆ ಭೂಷಣ. ಇಂಥ ಕಥೆಗಳ ಹಿಂದೆ ಕೆಲವು ಕಡೆಗಳಲ್ಲಾದರೂ ಬರಗಾಲವೊಂದು ಅಡಗಿರಬಹುದೆಂಬುದು ನನ್ನ ಊಹೆ.

ಆದಕಾರಣ ಮೂರು ಆಧಾರಗಳನ್ನು ಕೂಡಿಸಿ ನೋಡಬೇಕು. ಮೊದಲನೆಯದು ಬೇಚರಾಕ್ ಗ್ರಾಮಗಳ ಪಟ್ಟಿ ಮತ್ತು ಆ ಎಲ್ಲೆಯಲ್ಲಿ ನಿಂತಿರುವ ಗುಡಿ, ಕೆರೆ, ವೀರಗಲ್ಲು. ಎರಡನೆಯದು ಮನೆದೇವರು. ಮನೆ ಬೇರೆ ತಾಲ್ಲೂಕಿನಲ್ಲಿದ್ದರೂ ಹರಕೆಯು ಹಳೆಯ ಊರಿಗೇ ಸಲ್ಲುವುದು ನಮ್ಮಲ್ಲಿ ರೂಢಿ. ದೂರದ ಒಕ್ಕಲು ಯಾವ ಊರುಗಳಿಂದ ಬರುತ್ತದೆಂದು ಪೂಜಾರಿಯನ್ನು ಕೇಳಿದರೆ ಚದರಿದ ಊರಿನ ನಕ್ಷೆಯೊಂದು ದೊರೆಯುತ್ತದೆ. ಮೂರನೆಯದು ಹೆಳವನ ವಾರ್ತೆ. ಈ ಮೂರೂ ಒಂದನ್ನೇ ಹೇಳಿದಲ್ಲಿ ವಲಸೆಯು ನಡೆಯಿತೆಂದು ನಿಶ್ಚಯಿಸಬಹುದು. ಕಾಲ ಕಾರಣಗಳಿಗೆ ಶಾನುಭೋಗರ ಕಡತಗಳು ಬೇಕು. 1961ರ ಕಾಯಿದೆಯಿಂದ ವಂಶಪಾರಂಪರ್ಯದ ಗ್ರಾಮಾಧಿಕಾರಗಳು ರದ್ದಾದುವು. ಮನೆಯಲ್ಲಿ ಉಳಿದ ಹಳೆಯ ಕಾಗದಗಳಿಗೆ ಆ ಬಳಿಕ ಕಾಯುವವರಿಲ್ಲ.

ಒಂದು ಕೊರತೆಯನ್ನು ಮುಚ್ಚಿಡಬಾರದು. ಈ ಆಧಾರಗಳೆಲ್ಲವೂ ನೆಲವೋ ಕಾಣಿಕೆಯೋ ಉಳ್ಳವರ ಆಧಾರಗಳು. ಸ್ವಂತ ನೆಲವಿಲ್ಲದೆ ಕೂಲಿಯಿಂದ ಬಾಳಿದವನು ಕಂದಾಯದ ಲೆಕ್ಕದಲ್ಲಿಲ್ಲ. ಕಾಣಿಕೆ ಕೊಡಲಾರದವನು ಹೆಳವನ ಬಾಯಲ್ಲಿ ಉಳಿದಿರುವುದೂ ಅಪೂರ್ವವೇ. ಕ್ಷಾಮದಲ್ಲಿ ಮೊದಲು ಊರು ಬಿಟ್ಟವರು ಅವರೇ ಎಂಬುದನ್ನು ನೆನೆದರೆ, ನಮಗೆ ದೊರೆಯುವ ಚಿತ್ರದಲ್ಲಿ ಇಲ್ಲದಿರುವ ಭಾಗವೇ ದೊಡ್ಡದೆಂದು ತಿಳಿಯುವುದು. ಅವರ ವಿಷಯದಲ್ಲಿ ಉಳಿದಿರುವ ದಾರಿ ಹಾಡು ಮತ್ತು ಮನೆಮಾತು. ಗುಬ್ಬಿ ಕುಣಿಗಲುಗಳ ಶಾಲೆ ಕಾಲೇಜುಗಳ ಕನ್ನಡ ಅಧ್ಯಾಪಕರು ತಮ್ಮ ವಿದ್ಯಾರ್ಥಿಗಳಿಂದ ಹೋಬಳಿಗೊಂದು ಬೇಚರಾಕ್ ಗ್ರಾಮವನ್ನಾದರೂ ಆರಿಸಿಕೊಂಡು, ಆ ಊರಿನ ಹೆಸರು ಹೇಳುವ ಮನೆಗಳು ಈಗ ಎಲ್ಲೆಲ್ಲಿ ಇವೆಯೆಂದು ಬರೆಯಿಸಿದರೆ, ಮುಂದಿನ ಚರಿತ್ರಕಾರನಿಗೆ ಅಂಕೆಗಳ ಜೊತೆಗೆ ಹೆಸರುಗಳೂ ದೊರೆತಾವು. ಈ ಸೂಚನೆಯನ್ನು ವಿದ್ವಾಂಸರ ಪರಿಶೀಲನೆಗೆ ಒಪ್ಪಿಸಿರುತ್ತೇನೆ.